ಸಾಕು ಅಂದಷ್ಟೂ ಕೋಟು

ಇಂಥವೆಲ್ಲ ನನಗೇ ಯಾಕೆ ಆಗುತ್ತವೋ ಗೊತ್ತಿಲ್ಲ. ಧೈರ್ಯವಂತರು ಹುಲಿ ಕಂಡೆ, ಚಿರತೆ ಕಂಡೆ ಅಂತ ಕಥೆ ಹೇಳುತ್ತಾರೆ. ನಾನು ಹುಟ್ಟು ಪುಕ್ಕಲ. ಸೀಲು, ಸಹಿ, ಕೌಂಟರಿನ ಹಿಂದೆ ಕೂತು ಕನ್ನಡಕದ ಮೇಲಿಂದ ನೋಡುವ ಜನ, ಇಷ್ಟು ಕಂಡರೆ ಸಾಕು, ಕೈಕಾಲು ತಣ್ಣಗಾಗುತ್ತವೆ. ಜೊತೆಗೆ ಇನ್ನೊಂದು ರೋಗವೂ ಇದೆ. ಹೆದರಿಕೆ ಒಂದು ಮಟ್ಟ ದಾಟಿತೋ, ಕಲಿತ ಇಂಗ್ಲಿಷೆಲ್ಲ ಹಾರಿಹೋಗಿ ಬಾಯಲ್ಲಿ ಬರೀ ಕನ್ನಡ ಬರುತ್ತದೆ. ಟೆಕ್ಸಸ್ಸಿಗೆ ಬಂದು ತಲೆ ನೆರೆಯಿತು, ಕೇಟಿ ಅನ್ನುವ ಊರಿನಲ್ಲಿ ಮನೆ ಕಟ್ಟಿಸಿ ರಿಟೈರೂ ಆದೆ, ರೋಗ ಮಾತ್ರ ಹಾಗೇ ಇದೆ. ಈಗಲೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತರೆ ‘ಮೆಲ್ಲಗೆ, ಮೆಲ್ಲಗೆ’ ಅನ್ನುತ್ತೇನೆ. ಆಕೆ ಅದು ನನ್ನ ಹೆಂಡತಿಯ ಹೆಸರು ಅಂದುಕೊಂಡು, ‘ಮೆಲ್ಲಗೆ ಹೇಗಿದ್ದಾರೆ?’ ಅಂತ ಪ್ರತಿ ಸಲವೂ ವಿಚಾರಿಸುತ್ತಾಳೆ.

ಇದು ಎಪ್ಪತ್ತರ ದಶಕದ ಶುರುವಿನ ಒಂದು ಶನಿವಾರದ ಕಥೆ. ಆಗ ನಾನು ಆಸ್ಟಿನ್‌ನಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದೆ. ಮುಂದಿನ ಶುಕ್ರವಾರ ಕೊನೆಯ ಮೌಖಿಕ ಪರೀಕ್ಷೆ, ಅದು ಮುಗಿದರೆ ಡಲ್ಲಾಸ್‌ನಲ್ಲಿ ಕೆಲಸ. ಇಂಥ ಹೊತ್ತಿನಲ್ಲಿ ಮನುಷ್ಯ ಮನೆಯಲ್ಲಿ ತೆಪ್ಪಗೆ ಕೂರಬೇಕು. ನಾವು ಮೆಕ್ಸಿಕೋ ನೋಡಲು ಹೋದೆವು.

ಚೀಟಿ

ಎಲ್ಲಕ್ಕೂ ಮೂಲ ಚಟ್ನಿ. ನನ್ನ ಹೆಂಡತಿ ಮೈಸೂರಿನಿಂದ ಬಂದು ಒಂದು ವರ್ಷವಾಗಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿದ್ದ ಬ್ಲೆಂಡರಿನಲ್ಲಿ ಅರೆದದ್ದನ್ನೆಲ್ಲ ತೋರಿಸಿ, ‘ಇದು ಚಟ್ನಿ ಅಲ್ಲ ರೀ, ಗೋಡೆಗೆ ಹೊಡೆಯೋ ಪೇಂಟು’ ಅನ್ನುತ್ತಿದ್ದಳು. ಮಹಡಿಯ ಮೇಲೆ ಧಾರವಾಡದ ಸ್ನೇಹಿತನೊಬ್ಬ ಇದ್ದ. ಅವನೂ ಓದುತ್ತಿದ್ದವನೇ. ನಾನು ಹುಡುಗರಿಗೆ ಪಾಠ ಮಾಡುತ್ತಿದ್ದೆನಾದ್ದರಿಂದ ನನ್ನನ್ನು ಮಾಸ್ತರ ಅಂತಲೂ, ನನ್ನ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಅಂತಲೂ ಕರೆಯುತ್ತಿದ್ದ. ಒಂದು ದಿನ ಅವನು, ‘ವೈನಿ, ಲರೇಡೊದಾಗ ಸೇತುವೆ ದಾಟಿದ್ರ ಮೆಕ್ಸಿಕೋ. ಅಲ್ಲಿ ಸಂತ್ಯಾಗ ಕಲ್ಲಿನ ಒರಳು ಸಿಗತೈತ್ರಿ, ಮೂರು ಕಾಲಿಂದು. ಮುಂಜಾನೆ ಹೋಗಿ, ಅಡ್ಡಾಡಿ, ಉಂಡು, ಸಂಜೀಕ ಬರೂದು. ನನ್ನ ಕಾರ್ ಐತಿ’ ಅಂದ. ಹೆಂಡತಿ ಆಗಲೇ ಹೋಗಿ ಸೀರೆ ತೆಗೆದಿಟ್ಟಳು.

ನಾನು ಯೂನಿವರ್ಸಿಟಿಯಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಆಫೀಸಿಗೆ ಓಡಿದೆ. ನನ್ನ ವೀಸಾ ಅವಧಿ ಮುಗಿದಿತ್ತು. ಅಲ್ಲಿದ್ದ ಹೆಂಗಸು ನನ್ನ ಪಾಸ್‌ಪೋರ್ಟ್ ಬಿಚ್ಚಿ, ಒಳಗೆ ಪಿನ್ನು ಹೊಡೆದಿದ್ದ ಬಿಳಿ ಚೀಟಿಯನ್ನು ಉಗುರಿನಿಂದ ತಟ್ಟಿದಳು. ‘ಈ ಚೀಟಿ ಇದ್ದರೆ ವೀಸಾ ಇಲ್ಲದಿದ್ದರೂ ಒಂದು ದಿನದ ಮಟ್ಟಿಗೆ ಹೋಗಿ ಬರಬಹುದು. ಕಳೆದರೆ ಮಾತ್ರ ಆ ಕಡೆಯೇ ಇರಬೇಕು. ಎಷ್ಟು ತಿಂಗಳೋ ನಾನು ಹೇಳಲಾರೆ.’

‘ನನ್ನ ಹೆಂಡತಿ?’

‘ನೀವು ಉಳಿದರೆ ಆಕೆಯೂ ಅಲ್ಲೇ.’

ಆಕೆ ಸಮಾಧಾನ ಮಾಡುವ ಹಾಗೆ, ‘ಹೆದರಬೇಡಿ. ಹೆಂಡತಿ ಕಳೆದುಹೋದರೆ ಪೊಲೀಸರು ಹುಡುಕಿಕೊಡುತ್ತಾರೆ. ಚೀಟಿ ಮಾತ್ರ ಜೋಪಾನ’ ಅಂದಳು. ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದ್ದು ನನ್ನ ತಪ್ಪು. ಆಸ್ಟಿನ್ನಿನಿಂದ ಲರೇಡೊ ಮುಟ್ಟುವ ತನಕ, ನಾಲ್ಕು ಗಂಟೆಯ ದಾರಿಯಲ್ಲಿ, ‘ಅಂದ್ರೆ ನಾನು ಕಳೆದುಹೋದ್ರೆ ಪರವಾಗಿಲ್ಲ, ಅಲ್ವಾ ರೀ?’ ಅಂತ ಆರು ಸಲ ಕೇಳಿದಳು.

ಹೋಗೋ

ಕಾರನ್ನು ಅಮೆರಿಕದ ಕಡೆಯೇ ಬಿಟ್ಟು ಸೇತುವೆಯನ್ನು ನಡೆದು ದಾಟಿದೆವು. ಅವಳ ಪಾಸ್‌ಪೋರ್ಟನ್ನೂ ನಾನೇ ಇಟ್ಟುಕೊಂಡಿದ್ದೆ. ಎರಡೂ ಶರ್ಟಿನ ಜೇಬಿನಲ್ಲಿ, ಅದರ ಮೇಲೆ ನನ್ನ ಬಲಗೈ. ‘ಎದಿ ನೋವೇನ್ರಿ ಮಾಸ್ತರ?’ ಅಂತ ಧಾರವಾಡದವನು ಕೇಳಿದ. ಆಮೇಲೆ ಹತ್ತು ಹೆಜ್ಜೆಗೊಮ್ಮೆ ಜೇಬು ಮುಟ್ಟಿ ನೋಡಿಕೊಂಡು ನಡೆದೆ.

ಆ ಕಡೆ ಇಳಿಯುತ್ತಿದ್ದ ಹಾಗೆ ತಳ್ಳುಗಾಡಿಯವನೊಬ್ಬ ನಮ್ಮ ಹಿಂದೆ ಬಿದ್ದ. ದಪ್ಪ ಮೀಸೆಯ ಆಳು. ನನ್ನ ಕಣ್ಣಿಗೆ ಜೇಬುಗಳ್ಳನಾಗಿಯೇ ಕಂಡ. ಸ್ನೇಹಿತ ಮುಂದೆ ಹೋಗಿದ್ದ. ಈ ಮೀಸೆ ಹತ್ತಿರ ಹತ್ತಿರ ಬಂತು. ನನ್ನ ಇಂಗ್ಲಿಷು ಅಲ್ಲಿಗೇ ಹಾರಿತು.

‘ಹೋಗೋ!’ ಅಂದೆ.

ಅವನ ಮುಖ ಅರಳಿತು. ‘ಸೀ, ಸೀ!’ ಅಂತ ಗಾಡಿ ನಿಲ್ಲಿಸಿ ಒಂದು ಲೋಟ ಕಿತ್ತಳೆ ರಸ ಹಿಂಡಿ ಕೊಟ್ಟ.

‘ಹೋಗೋ ಅಂದರೆ! ಹೋಗೋ ಆಚೆ!’

ಇನ್ನೆರಡು ಲೋಟ ಹಿಂಡಿದ.

ಅಷ್ಟರಲ್ಲಿ ಧಾರವಾಡದವನು ವಾಪಸು ಬಂದ. ಅವನು ಡಿಗ್ರಿಗೆ ಬೇಕು ಅಂತ ಒಂದು ವರ್ಷ ಸ್ಪ್ಯಾನಿಷ್ ಕಲಿತಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ. ‘ಹೂಗೊ ಅಂದ್ರ ಇವರ ಭಾಷಾದಾಗ ಹಣ್ಣಿನ ರಸ್ರಿ ಮಾಸ್ತರ! ಭಾಳ ಛಂದ ಕೇಳೀರಿ ನೋಡ್ರಿ.’

ಹೆಂಡತಿ ಆಗಲೇ ಎರಡು ಲೋಟ ಖಾಲಿ ಮಾಡಿ ತುಟಿ ಒರೆಸಿಕೊಳ್ಳುತ್ತಿದ್ದಳು. ‘ರೀ, ಇನ್ನೊಂದು ಸಲ ಬೈರೀ ಅವನನ್ನ. ಬಾಯಾರಿಕೆ ಹೋಗಿಲ್ಲ’ ಅಂದಳು.

ಚೌಕದ ಅಜ್ಜಿ

ಊರ ನಡುವೆ ಮರಗಳಿರುವ ಒಂದು ಚೌಕ. ಒಂದು ಕಡೆ ಚರ್ಚು, ನಡುವೆ ಬ್ಯಾಂಡಿನವರು ನುಡಿಸುವ ಮಂಟಪ, ಸುತ್ತ ಬೆಂಚುಗಳು. ಸ್ನೇಹಿತ ಫೋಟೋ ತೆಗೆಯುತ್ತಿದ್ದ. ನಾನು ಬೆಂಚಿನ ತುದಿಯಲ್ಲಿ ಕೂತು ಜೇಬು ಮುಟ್ಟಿಕೊಳ್ಳುತ್ತಿದ್ದೆ.

ಕಪ್ಪು ಶಾಲು ಹೊದ್ದ ಒಬ್ಬ ಅಜ್ಜಿ ಬುಟ್ಟಿ ಹಿಡಿದುಕೊಂಡು ಬಂದು ನನ್ನನ್ನೇ ಏನೋ ಕೇಳಿದಳು. ‘ನೋ ಸ್ಪ್ಯಾನಿಷ್’ ಅಂದೆ. ಅಜ್ಜಿ ನನ್ನ ಮೀಸೆ ನೋಡಿದಳು, ಬಣ್ಣ ನೋಡಿದಳು, ಎಣ್ಣೆ ಹಾಕಿ ಬಾಚಿದ ಕೂದಲು ನೋಡಿದಳು. ಮತ್ತೆ ಕೇಳಿದಳು, ಈ ಸಲ ಜೋರಾಗಿ. ‘ನೋ ಸ್ಪ್ಯಾನಿಷ್, ತಾಯಿ’ ಅಂದೆ. ಆಗ ಶುರುವಾಯಿತು ನೋಡಿ. ಬುಟ್ಟಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ಬೈದಳು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ದೂರದಲ್ಲಿದ್ದ ಪೊಲೀಸಿನವನೂ ತಿರುಗಿ ನೋಡಿದ. ನಾನು ಎದ್ದು ಹೆಂಡತಿಯ ಹಿಂದೆ ಹೋಗಿ ನಿಂತೆ.

‘ಏನಂತೆ?’ ಅಂತ ಅವಳು ಸ್ನೇಹಿತನನ್ನು ಕೇಳಿದಳು.

‘ಇವರನ್ನ ಇದೇ ಊರಾವರು ಅಂತ ತಿಳಕೊಂಡಾಳ್ರಿ ವೈನಿ. ಸೇತುವೆ ದಾಟಿ ದುಡಿಯಾಕ ಹೋದ ಕೂಡ್ಲೆ ಹಡದವ್ವನ ಮಾತು ಮರತೇನೋ, ಅನ್ನಾಕತ್ತಾಳ.’

ಅವನು ಅಜ್ಜಿಗೆ, ಇವರು ಇಂಡಿಯಾದವರು ಅಂತ ಹೇಳಿ ನೋಡಿದ. ಅಜ್ಜಿ ನಂಬಲಿಲ್ಲ. ಇಂಥ ಸೋಗು ಬಹಳ ನೋಡಿದ್ದೇನೆ ಅನ್ನುವ ಹಾಗೆ ಕೈ ಬೀಸಿ ಹೊರಟುಹೋದಳು. ಆಕೆ ಮೊದಲು ಕೇಳಿದ್ದು ಗಂಟೆ ಎಷ್ಟು ಅಂತ ಮಾತ್ರವಂತೆ. ನನ್ನ ಎಡಗೈಯಲ್ಲಿ ಗಡಿಯಾರ ಇತ್ತು. ಆಕೆ ನೋಡಿದ ಕೂಡಲೇ, ಕಿತ್ತುಕೊಂಡಾಳು ಅಂತ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದೆ.

ಪಾಪದ ಊಟ

ನಾವಿಬ್ಬರೂ ಮಾಂಸ ತಿನ್ನುವವರಲ್ಲ. ‘ಸಿನ್ ಕಾರ್ನೆ ಅನ್ರಿ. ಮಾಂಸ ಬ್ಯಾಡ ಅಂತ ಅರ್ಥ’ ಅಂತ ಹೇಳಿಕೊಟ್ಟು ಸ್ನೇಹಿತ ಕೈ ತೊಳೆಯಲು ಹೋದ. ‘ಸಿನ್ ಅಂದ್ರೆ ಇಂಗ್ಲಿಷಲ್ಲಿ ಪಾಪ. ಮಾಂಸ ಪಾಪ ಅಂತ ಇಟ್ಕೊಳ್ಳಿ, ಮರೆಯಲ್ಲ’ ಅಂತ ಹೆಂಡತಿ ಉಪಾಯ ಹೇಳಿದಳು. ಒಳ್ಳೆಯ ಉಪಾಯ. ಆದರೆ ಹೋಟೆಲಿನವನು ಬಂದು ಪೆನ್ಸಿಲ್ ಹಿಡಿದು ನನ್ನ ತಲೆಯ ಮೇಲೆ ನಿಂತ. ನೋಡಲು ಪರೀಕ್ಷೆಯ ಪ್ರೊಫೆಸರರ ಹಾಗೇ ಇದ್ದ. ಟೆಕ್ಸಸ್ಸಿನ ಅಂಗಡಿಗಳಲ್ಲಿ ಡಬ್ಬಿಗಳ ಮೇಲೆ ದಿನಾ ಓದಿದ್ದೇ ನನ್ನ ಬಾಯಿಗೆ ಬಂತು. ‘ಕೋನ್ ಕಾರ್ನೆ’ ಅಂದೆ. ಅವನು ತಲೆಯಾಡಿಸಿದ. ಖಾತ್ರಿಗಿರಲಿ ಅಂತ ಇನ್ನೂ ಎರಡು ಸಲ ಅಂದೆ.

ಕೋನ್ ಅಂದರೆ ಜೊತೆಗೆ. ಮೂರು ಸಲ ಕೇಳಿದ್ದಕ್ಕೆ ಮೂರು ತಟ್ಟೆ ತುಂಬ ಮಾಂಸ ಬಂತು. ಪುಣ್ಯಕ್ಕೆ ಧಾರವಾಡದವನು ಎಲ್ಲ ತಿನ್ನುವವನು, ಒಂದೊಂದಾಗಿ ತನ್ನ ಕಡೆಗೆ ಎಳೆದುಕೊಂಡ. ಹೆಂಡತಿ ನನ್ನನ್ನು ಒಮ್ಮೆ ನೋಡಿ, ಮೇಜಿನ ಮೇಲೆ ಇನ್ನೇನಿದೆ ಅಂತ ನೋಡಿದಳು. ಬಟ್ಟೆಯಲ್ಲಿ ಸುತ್ತಿದ ಬಿಸಿ ಬಿಸಿ ಜೋಳದ ರೊಟ್ಟಿ, ಹೆಚ್ಚಿದ ಈರುಳ್ಳಿ, ನಿಂಬೆಹಣ್ಣು, ಉಪ್ಪು, ಒಂದು ಬಟ್ಟಲು ಹಸಿಮೆಣಸಿನಕಾಯಿ. ‘ಇನ್ನೇನು ಬೇಕು?’ ಅಂದವಳೇ ರೊಟ್ಟಿ ಮುರಿದು, ಉಪ್ಪಿನಲ್ಲಿ ಅದ್ದಿ, ಮೆಣಸಿನಕಾಯಿ ಕಚ್ಚಿದಳು.

ಹೋಟೆಲಿನವನು ಓಡಿ ಬಂದು ನೀರಿಟ್ಟ. ಅವಳು ಇನ್ನೊಂದು ಕಚ್ಚಿದಳು. ಅವನು ಹಾಲು ತಂದ. ಬಟ್ಟಲು ಖಾಲಿಯಾಯಿತು. ಅವಳು ಬಟ್ಟಲೆತ್ತಿ ತೋರಿಸಿ, ಇನ್ನಷ್ಟು ಅಂತ ಸನ್ನೆ ಮಾಡಿದಳು. ಅಡಿಗೆಯವನೇ ಹೊರಗೆ ಬಂದು, ಅವಳನ್ನು ನೋಡಿ, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಆ ದಿನ ನನಗಿಂತ ಹೆಚ್ಚು ಹೆದರಿದ ಮನುಷ್ಯ ಸಿಕ್ಕಿದ್ದು ಅವನೊಬ್ಬನೇ. ಅವನ ಕೈ ಕುಲುಕಿ ಬಂದೆ.

ಒಳಜೇಬು

ಸಂತೆಯಲ್ಲಿ ಕಲ್ಲಿನ ಸಾಮಾನಿನ ಅಂಗಡಿ ಸಿಕ್ಕಿತು. ಹೆಂಡತಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಒರಳನ್ನು ತಟ್ಟಿ, ಅಂಗೈಯಲ್ಲಿ ಉಜ್ಜಿ, ಪುಡಿ ಉದುರುತ್ತದೋ ಅಂತ ನೋಡತೊಡಗಿದಳು. ಸ್ನೇಹಿತ ಚಪ್ಪಲಿ ಕೊಳ್ಳಲು ಹೋದ. ನಾನು ಬಿಸಿಲು ತಾಳಲಾರದೆ ಪಕ್ಕದ ಬಟ್ಟೆ ಅಂಗಡಿಯ ನೆರಳಿಗೆ ಸರಿದೆ.

ಅಂಗಡಿಯವನು ನನ್ನ ತೋಳು ಹಿಡಿದು ಒಳಗೆಳೆದ. ಭುಜದ ಮೇಲೆ ಒಂದು ಕಂಬಳಿ ಹೊದಿಸಿದ, ತಲೆಗೆ ಛತ್ರಿಯಷ್ಟು ಅಗಲದ ಟೋಪಿ ಇಟ್ಟ, ಸೊಂಟಕ್ಕೆ ಬೆಲ್ಟು ಸುತ್ತಿದ. ಒಬ್ಬನೇ ಸಿಕ್ಕಿಹಾಕಿಕೊಂಡೆನಲ್ಲ ಅಂತ ನನ್ನ ಇಂಗ್ಲಿಷು ಮತ್ತೆ ಹಾರಿತು.

‘ಸಾಕು’ ಅಂದೆ.

‘ಸೀ, ಸೆನ್ಯೋರ್!’ ಅಂತ ಒಳಗೆ ಓಡಿ ಒಂದು ಚರ್ಮದ ಕೋಟು ತಂದು ತೊಡಿಸಿದ.

‘ಅಯ್ಯೋ, ಸಾಕಪ್ಪ, ಸಾಕು!’

ಅದನ್ನು ಬಿಚ್ಚಿ ಇನ್ನೊಂದು ತೊಡಿಸಿದ. ‘ಸಾಕು ಮಾರಾಯ!’ ಮತ್ತೊಂದು. ನಾನು ಬೇಡಿಕೊಂಡಷ್ಟೂ ಅವನ ಹುರುಪು ಹೆಚ್ಚಿತು. ಕಡೆಗೆ ತೋಳಿಗೆಲ್ಲ ಜಾಲರಿ ಇಳಿಬಿಟ್ಟ ಒಂದು ಕರಿ ಕೋಟು ಬಂತು. ಅದು ಎದೆಗೆ ಎಷ್ಟು ಬಿಗಿಯಾಯಿತೆಂದರೆ, ಶರ್ಟಿನ ಜೇಬಿನಿಂದ ಪಾಸ್‌ಪೋರ್ಟುಗಳು ಮೇಲೆದ್ದು ಬೀಳುವ ಹಾಗಾದವು. ಗಾಬರಿಯಲ್ಲಿ ಹಿಡಿದುಕೊಂಡೆ. ನೋಡಿದರೆ ಕೋಟಿಗೆ ಒಂದು ಒಳಜೇಬು, ಅದಕ್ಕೊಂದು ಗುಂಡಿ. ಎರಡನ್ನೂ ಅದರೊಳಗೆ ತುರುಕಿ ಗುಂಡಿ ಹಾಕಿದೆ. ಬೆಳಗಿನಿಂದ ಅಷ್ಟು ನೆಮ್ಮದಿ ಆಗಿರಲಿಲ್ಲ.

‘ರೀ! ಎಲ್ಲಿ ಸತ್ರಿ? ಬಂದು ಹಿಡ್ಕೊಳ್ಳಿ ಇದನ್ನ, ಕೈ ಬಿದ್ದುಹೋಗ್ತಿದೆ!’ ಅಂತ ಹೊರಗಿನಿಂದ ಕೂಗು ಬಂತು.

ಅವಳಿಗೆ ನಾನು ಹೆದರುವಷ್ಟು ಯಾವ ಸರ್ಕಾರಕ್ಕೂ ಹೆದರಿದವನಲ್ಲ. ಟೋಪಿ, ಬೆಲ್ಟು, ಕೋಟು ಎಲ್ಲವನ್ನೂ ಕಿತ್ತು ಅಂಗಡಿಯವನ ಮುಖದ ಮೇಲೆ ಎಸೆದು ಓಡಿದೆ. ಕಪ್ಪು ಕಲ್ಲಿನ ಒರಳನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡು ಸೇತುವೆಯ ತನಕ ಬಂದೆ. ಜೇಬು ಮುಟ್ಟಿ ನೋಡಿಕೊಳ್ಳಲು ಕೈ ಎಲ್ಲಿ ಖಾಲಿ ಇತ್ತು?

ಕೆನಡಾದವನು

ಸೇತುವೆಯ ಅಮೆರಿಕದ ತುದಿಯಲ್ಲಿ ಉದ್ದನೆಯ ಅಧಿಕಾರಿಯೊಬ್ಬ ನನ್ನನ್ನು ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದ. ಒರಳು ಕೆಳಗಿಟ್ಟೆ. ಜೇಬು ಮುಟ್ಟಿದೆ. ಶರ್ಟಿನದು, ಪ್ಯಾಂಟಿನದು, ಹಿಂದಿನದು, ಮತ್ತೆ ಶರ್ಟಿನದು. ಕರಿ ಕೋಟು ಕಣ್ಣ ಮುಂದೆ ಬಂತು. ಕಾಲಿನ ಕೆಳಗೆ ಸೇತುವೆಯೇ ಇಲ್ಲ ಅನ್ನಿಸಿತು.

‘ಅಯ್ಯಯ್ಯೋ, ಕೆಟ್ಟೆ! ಸ್ವಾಮಿ, ಬಿಟ್ಟು ಬಂದೆ ಸ್ವಾಮಿ, ಅಲ್ಲೇ ಬಿಟ್ಟು ಬಂದೆ!’ ಅಂದೆ.

ಅಧಿಕಾರಿ ಇಂಗ್ಲಿಷಿನಲ್ಲಿ ಹೆಂಡತಿಯನ್ನು ಕೇಳಿದ: ‘ಇವನು ಯಾವ ಭಾಷೆ ಆಡುತ್ತಿದ್ದಾನೆ?’

‘ಕನ್ನಡ’ ಅಂದಳು.

‘ಕೆನಡಾ? ಅದನ್ನು ಮೊದಲೇ ಹೇಳಬಾರದೇ? ಕೆನಡಾದವರಿಗೆ ಇದೆಲ್ಲ ಬೇಕಿಲ್ಲ, ನಡೀರಿ.’

ಹಿಂದಿನಿಂದ ಧಾರವಾಡದವನು ಪಿಸುಗುಟ್ಟಿದ, ‘ಹೂಂ ಅನ್ರಿ ಮಾಸ್ತರ, ಹೂಂ ಅನ್ರಿ, ಮನಿಗೆ ಹೋಗೂಣು!’

ಅನ್ನಬೇಕು ಅಂತ ನನಗೂ ಆಸೆಯಾಯಿತು. ಆದರೆ ಸುಳ್ಳು ಹೇಳುವುದಕ್ಕೂ ಧೈರ್ಯ ಬೇಕಲ್ಲ! ‘ಅಲ್ಲ ಸ್ವಾಮಿ, ಮೈಸೂರು’ ಅಂದುಬಿಟ್ಟೆ.

‘ಅದು ಕೆನಡಾದಲ್ಲಿ ಯಾವ ಕಡೆ?’ ಅಂದ ಅಧಿಕಾರಿ.

ಹೆಂಡತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನ ಮುಖ ಗಂಭೀರವಾಯಿತು. ಚೀಟಿ ಇಲ್ಲದೆ ಬಿಡಲಾರೆ, ಸಂತೆ ಮುಚ್ಚುವ ಹೊತ್ತಾಯಿತು, ಬೇಗ ಹೋಗಿ ಹುಡುಕಿ ಅಂದ. ಒರಳನ್ನು ಕಾಯಲು ಸ್ನೇಹಿತ ಅಲ್ಲೇ ಕೂತ. ನಾವಿಬ್ಬರೂ ತಿರುಗಿ ಓಡಿದೆವು. ಶುಕ್ರವಾರದ ಪರೀಕ್ಷೆ ಹೋಯಿತು, ಡಲ್ಲಾಸ್ ಹೋಯಿತು, ಐದು ವರ್ಷದ ಓದು ಹೋಯಿತು, ಈ ಪರದೇಶದ ಪರದೇಶದಲ್ಲಿ ಇವಳನ್ನು ಕಟ್ಟಿಕೊಂಡು ಎಲ್ಲಿ ಮಲಗಲಿ ಅಂತ ಒಂದೇ ಯೋಚನೆ. ಪಕ್ಕಕ್ಕೆ ತಿರುಗಿ ನೋಡಿದರೆ, ಹನ್ನೆರಡು ಹಸಿಮೆಣಸಿನಕಾಯಿ ತಿಂದಾಗ ಒಂದು ಹನಿ ನೀರು ಬರದ ಅವಳ ಕಣ್ಣು ತುಂಬಿತ್ತು. ‘ಚಟ್ನಿ ಹಾಳಾಗಿಹೋಗಲಿ ರೀ, ನಾನು ಹೊರಡಿಸಬಾರದಾಗಿತ್ತು’ ಅಂದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಹೆದರಿಕೆ ದುಪ್ಪಟ್ಟಾಯಿತು.

ಸಾಕು

ಬಟ್ಟೆ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಸಾಮಾನೆಲ್ಲ ಒಳಗೆ ಸೇರಿತ್ತು. ಅಂಗಡಿಯವನಿಲ್ಲ. ಬಾಗಿಲಲ್ಲಿ ಮಣೆ ಹಾಕಿಕೊಂಡು ಕಾವಲು ಕೂತಿದ್ದವಳು ಬೆಳಗಿನ ಅಜ್ಜಿ! ಅದೇ ಕಪ್ಪು ಶಾಲು, ಅದೇ ಬುಟ್ಟಿ. ನನ್ನ ಗುರುತು ಹಿಡಿದಳು. ಮುಖ ಸಿಂಡರಿಸಿಕೊಂಡಳು.

‘ಕೋಟ್! ಕೋಟ್!’ ಅಂದಳು ನನ್ನ ಹೆಂಡತಿ. ಅಜ್ಜಿ ತಲೆಯಲ್ಲಾಡಿಸಿದಳು. ಇವಳು ತೋಳು ತೂರಿಸಿ ಕೋಟು ತೊಡುವ ಹಾಗೆ ಅಭಿನಯ ಮಾಡಿದಳು. ಅಜ್ಜಿ ಒಳಗಿಂದ ಒಂದು ಕಂಬಳಿ ತಂದು ಇವಳಿಗೆ ಹೊದಿಸಿದಳು. ಇವಳು ಎದೆಯ ಹತ್ತಿರ ಜೇಬಿನ ಸನ್ನೆ ಮಾಡಿದಳು. ಅಜ್ಜಿ ಒಂದು ಕೈಚೀಲ ತಂದಳು. ಇವಳು ಎರಡು ಅಂಗೈ ಜೋಡಿಸಿ, ಪಾಸ್‌ಪೋರ್ಟಿನ ಹಾಗೆ ಬಿಚ್ಚಿ ಮುಚ್ಚಿ ಬಿಚ್ಚಿ ಮುಚ್ಚಿ ತೋರಿಸಿದಳು. ಅಜ್ಜಿ ಬೀಸಣಿಗೆ ತಂದಳು.

ಮೆಟ್ಟಿಲ ಮೇಲೆ ಕುಸಿದು ಕೂತೆ. ತಲೆ ಚಚ್ಚಿಕೊಂಡೆ. ‘ಸಾಕು! ಸಾಕು ಕಣೇ, ಸಾಕು ಈ ಬಾಳು! ಸಾಕು, ಸಾಕು!’ ಅಂತ ಅತ್ತೇಬಿಟ್ಟೆ.

ಅಜ್ಜಿ ಬೀಸಣಿಗೆ ಬಿಸಾಕಿದಳು. ‘ಆಆ! ಸಾಕೊ!’ ಅಂತ ಕೂಗಿದವಳೇ ಒಳಗೆ ನುಗ್ಗಿದಳು. ಕೋಟುಗಳು ಬಂದವು! ಕಂದು, ಬೂದು, ಜಾಲರಿ ಇಲ್ಲದ್ದು, ಇದ್ದದ್ದು, ಒಂದೊಂದೇ ನನ್ನ ತೊಡೆಯ ಮೇಲೆ ಧೊಪ್ಪಧೊಪ್ಪನೆ ಬಿದ್ದವು. ನಾಲ್ಕನೆಯದು ಕರಿಯದು. ಒಳಗೆ ಕೈ ಹಾಕಿದೆ. ಗುಂಡಿ. ಪಾಸ್‌ಪೋರ್ಟು ಎರಡೂ ಇದ್ದವು, ಚೀಟಿ ಎರಡೂ ಇದ್ದವು. ಕಣ್ಣಿಗೊತ್ತಿಕೊಂಡೆ. ಹೆಂಡತಿ ನಡುಬೀದಿ ಅನ್ನುವುದನ್ನೂ ನೋಡದೆ ನನ್ನ ತಲೆಯನ್ನು ಹಿಡಿದುಕೊಂಡು ನಕ್ಕು ಅತ್ತಳು.

ಅಜ್ಜಿ ಮಾತ್ರ ನನ್ನ ಕಿವಿ ಹಿಡಿದಳು. ಚೆನ್ನಾಗಿ ಹಿಂಡಿದಳು. ಏನೋ ಹೇಳಿದಳು, ನಕ್ಕಳು, ಮತ್ತೆ ಹಿಂಡಿದಳು. ಅಷ್ಟರಲ್ಲಿ ಊಟಕ್ಕೆ ಹೋಗಿದ್ದ ಅಂಗಡಿಯವನು ಬಾಯಿ ಒರೆಸಿಕೊಳ್ಳುತ್ತ ಬಂದ. ಅಜ್ಜಿ ಅವನ ತಾಯಿ. ಅವನಿಗೆ ನಾಲ್ಕು ಮಾತು ಇಂಗ್ಲಿಷು ಬರುತ್ತಿತ್ತು. ಅವರ ಮಾತಿನಲ್ಲಿ ಸಾಕೊ ಅಂದರೆ ಕೋಟಂತೆ! ಹೋಗೋ ಅಂದಾಗ ರಸ ಕುಡಿದವನಿಗೆ ಸಾಕು ಅಂದಾಗ ಕೋಟು ಬಂದದ್ದು ಹೊಳೆಯಬಾರದೇ? ಹೊಳೆದಿರಲಿಲ್ಲ.

‘ನಿಮ್ಮ ತಾಯಿ ಈಗ ಏನು ಹೇಳಿದರು?’ ಅಂತ ಹೆಂಡತಿ ಕೇಳಿದಳು.

‘ಬೆಳಿಗ್ಗೆ ಇವನು ಭಾಷೆ ಬರದ ಹಾಗೆ ನಾಟಕ ಆಡಿದನಂತೆ. ಈಗ ನೋಡು, ಎಷ್ಟು ಸ್ಪಷ್ಟವಾಗಿ ಬಂತು! ನಿಜವಾಗಿ ಹೆದರಿಕೆ ಆದರೆ ಎಲ್ಲರಿಗೂ ಹೆತ್ತ ತಾಯಿಯ ಮಾತೇ ಬಾಯಿಗೆ ಬರೋದು ಅನ್ನುತ್ತಿದ್ದಾಳೆ.’

ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಧಿಕಾರಿ ಚೀಟಿ ನೋಡಿ ಬಿಟ್ಟ. ಕಾರ್ ಲರೇಡೊದ ಬೀದಿಗಳನ್ನು ಬಿಟ್ಟು ಹೆದ್ದಾರಿಗೆ ಹತ್ತಿತು. ಹೆಂಡತಿ ಒರಳನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ, ‘ರೀ, ಅಲ್ಲೇ ಪಕ್ಕದಲ್ಲಿ ಒಂದು ದೊಡ್ಡ ರುಬ್ಬುಗಲ್ಲೂ ಇತ್ತು. ಮುಂದಿನ ತಿಂಗಳು ಇನ್ನೊಂದು ಸಲ ಹೋಗಿ ಬರೋಣವಾ?’ ಅಂದಳು.

‘ಸಾ...’ ಅಂದವನು ತಟ್ಟನೆ ಬಾಯಿ ಮುಚ್ಚಿಕೊಂಡೆ. ಗಡಿ ಇನ್ನೂ ಹತ್ತಿರದಲ್ಲೇ ಇತ್ತು. ಯಾರಾದರೂ ಕೋಟು ತಂದುಬಿಟ್ಟರೆ?